ನಮ್ಮ ಸಂಚಿಕೆಯ ಅಕ್ಷರಗಳು: ಒಂದು ವಿಮರ್ಶೆ

ನಮ್ಮ ಮಾಸಪತ್ರಿಕೆಯಲ್ಲಿ ಕಥೆಗಳ ವಿಮರ್ಶೆ ಬಂದಿದೆ, ನಾಟಕಗಳ ವಿಮರ್ಶೆ ಬಂದಿದೆ, ರಾಜ್ಯೋತ್ಸವದ ದಿನ ಬಡಿಸಿದ ಬಿಸಿಬೇಳೆ ಭಾತಿನ ವಿಮರ್ಶೆಯೂ ಒಮ್ಮೆ ಓದುಗರ ಓಲೆಯಲ್ಲಿ ಬಂದದ್ದುಂಟು. ಆದರೆ ಈ ಎಲ್ಲವನ್ನೂ ತಿಂಗಳು ತಿಂಗಳೂ ಹೊತ್ತು ತರುವ ಅಕ್ಷರಗಳ ಬಗ್ಗೆ ಇದುವರೆಗೆ ಯಾರೂ ಒಂದು ಮಾತು ಬರೆದಂತಿಲ್ಲ. ಆ ಕೆಲಸಕ್ಕೆ ಕೈಹಾಕಿರುವ ನಾನು ಸಾಹಿತಿಯಲ್ಲ, ಮುದ್ರಣಕಲೆ ಬಲ್ಲವನೂ ಅಲ್ಲ. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿ, ಮೊದಲು ಕೊಚ್ಚಿಯಲ್ಲಿ, ಈಗ ತಿರುವನಂತಪುರದಲ್ಲಿ, ಕಡತ ಓದಿಕೊಂಡು ಬದುಕುತ್ತಿರುವವನು. ಓದಿದ್ದು ಬಿ.ಎಸ್ಸಿ. ಕಡತ ಓದುವವನಿಗೆ ಓದಲಾಗದ ಅಕ್ಷರದ ಮೇಲೆ ಸಿಟ್ಟು ಬರುವುದು ಸಹಜವೇ. ಆದರೆ ಈ ಲೇಖನ ಹುಟ್ಟಿದ್ದು ಸಿಟ್ಟಿನಿಂದಲ್ಲ, ಮನೆಯಲ್ಲಿ ಆದ ಒಂದು ಗಾಬರಿಯಿಂದ.

ನನ್ನ ತಾಯಿಯವರು ನಾಲ್ಕು ವರ್ಷದ ಹಿಂದೆ ಸಾಗರದ ಮನೆಗೆ ಬೀಗ ಹಾಕಿ ಬಂದು ನಮ್ಮೊಡನೆ ನೆಲೆಸಿದರು. ಈಗ ಎಪ್ಪತ್ತಾರರ ವಯಸ್ಸು. ಹಗಲು ನಾನು ಕಚೇರಿಗೆ, ಹೆಂಡತಿ ತನ್ನ ಕೆಲಸಕ್ಕೆ, ಮಗಳು ಶಾಲೆಗೆ. ನೆರೆಯವರು ಬಹಳ ಒಳ್ಳೆಯ ಜನ. ಆದರೆ ಅವರ ಮಲಯಾಳಂಗೂ ಇವರ ಕನ್ನಡಕ್ಕೂ ನಡುವೆ ಇರುವ ಸೇತುವೆ ನಗು ಒಂದೇ. ಹೀಗಾಗಿ ತಿಂಗಳ ಮೊದಲ ವಾರ ಅಂಚೆಯಲ್ಲಿ ಬರುವ ನಮ್ಮ ಸಂಚಿಕೆ ಅವರಿಗೆ ತವರಿನಿಂದ ಬಂದ ಬುತ್ತಿಯ ಹಾಗೆ. ಮೊದಲ ಪುಟದಿಂದ ಕೊನೆಯ ಪುಟದ ಜಾಹೀರಾತಿನವರೆಗೆ ಓದಿ, ಯಾರ ಮನೆಯಲ್ಲಿ ಮದುವೆ, ಯಾರಿಗೆ ವರ್ಗವಾಯಿತು, ಯಾರು ತೀರಿಕೊಂಡರು ಎಂಬ ವರದಿಯನ್ನು ರಾತ್ರಿ ಊಟದ ಹೊತ್ತಿಗೆ ನಮಗೆ ಒಪ್ಪಿಸುತ್ತಿದ್ದರು.

ಕಳೆದ ವರ್ಷದ ವಿಶೇಷ ಸಂಚಿಕೆ ಬಂದ ಮೇಲೆ ಈ ವರದಿ ನಿಂತುಹೋಯಿತು. ಪುಸ್ತಕ ಮಡಿಲಲ್ಲಿರುತ್ತಿತ್ತು, ಪುಟ ಮಾತ್ರ ಮಗುಚುತ್ತಿರಲಿಲ್ಲ. ನೆನಪು ಕುಂದುತ್ತಿದೆಯೋ ಏನೋ ಎಂದು ನಾನೂ ನನ್ನ ಹೆಂಡತಿಯೂ ಒಳಗೊಳಗೇ ಹೆದರಿದೆವು. ಕಣ್ಣಿನ ವೈದ್ಯರಲ್ಲಿಗೆ ಕರೆದುಕೊಂಡು ಹೋದೆ. ಪೊರೆ ತೆಗೆಸಿ ಎರಡು ವರ್ಷವಾಗಿದೆ, ವಯಸ್ಸಿಗೆ ಈ ಕಣ್ಣು ಚೆನ್ನಾಗಿಯೇ ಇದೆ, ಕನ್ನಡಕವೂ ಸರಿಯಿದೆ ಎಂದು ಅವರು ಹೇಳಿ ಕಳಿಸಿದರು. ಮನೆಗೆ ಬಂದು, ಸಂಚಿಕೆಯನ್ನು ಮುಂದಿಟ್ಟು, ಏನು ತೊಂದರೆಯೆಂದು ಕೇಳಿದೆ.

“ಓದಕ್ಕೆ ಆಗ್ತಾ ಇಲ್ಲ ಮಾರಾಯ. ಅಕ್ಷರ ಎಲ್ಲ ಇರುವೆ ಸಾಲು ಹೋದ ಹಾಗೆ ಕಾಣ್ತದೆ. ನನಗೇ ಏನೋ ಆಗಿದೆ ಅಂತ ಸುಮ್ಮನಿದ್ದೆ” ಎಂದರು.

ಅವರ ಟ್ರಂಕಿನಲ್ಲಿ ಮೊಳೆಯಚ್ಚಿನ ಕಾಲದ ಒಂದು ಹಾಡಿನ ಪುಸ್ತಕವಿದೆ. ಕಾಗದ ಕಂದಿ ಚಹದ ಬಣ್ಣಕ್ಕೆ ಬಂದಿದೆ. ಅದನ್ನು ತೆಗೆದು ಕೈಗೆ ಕೊಟ್ಟೆ. ಸರಾಗವಾಗಿ ಓದಿದರು. ಕಂಠಪಾಠವಿರಬಹುದೆಂದು ಮುನ್ನುಡಿ ಓದಿಸಿದೆ, ಅದನ್ನೂ ಓದಿದರು. ಕಣ್ಣಿಗೂ ಏನೂ ಆಗಿರಲಿಲ್ಲ, ಬುದ್ಧಿಗೂ ಏನೂ ಆಗಿರಲಿಲ್ಲ. ಆಗಿದ್ದದ್ದು ನಮ್ಮ ಪುಟಕ್ಕೆ.

ಆ ಸಂಚಿಕೆಯನ್ನು ನಾವೆಲ್ಲ ಎಷ್ಟು ಹೊಗಳಿದ್ದೆವೆಂಬುದು ಓದುಗರಿಗೆ ನೆನಪಿರಬಹುದು. ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ಹೊಸ ರೂಪ, ಹೊಸ ಅಕ್ಷರ, ಬಣ್ಣದ ಪುಟ. ಈಗ ಅದನ್ನು ಮೇಜಿನ ಮೇಲೆ ಹರಡಿ, ಅಡಿಪಟ್ಟಿ ಮತ್ತು ಭೂತಗನ್ನಡಿ ಹಿಡಿದು ನೋಡಿದರೆ ಕಾಣುವುದು ಬೇರೆ. ಅಕ್ಷರದ ಗಾತ್ರ ಒಂಬತ್ತು ಪಾಯಿಂಟ್. ಗೀಟು ನೂಲಿನಷ್ಟು ತೆಳು, ಎಲ್ಲ ಕಡೆಯೂ ಒಂದೇ ದಪ್ಪ. ಮಸಿ ಕಪ್ಪಲ್ಲ, ಬೂದಿ; ಅದು ಹೊಸ ನಾಜೂಕಂತೆ. ಎಂಟು ಪುಟ ಉಳಿಸಬೇಕೆಂದು ಸಾಲುಗಳನ್ನು ಒಂದರ ಮೇಲೊಂದು ಒತ್ತಿ ಕೂರಿಸಿದೆ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಇಷ್ಟು ಸಾಲದೆಂಬಂತೆ ಅಧ್ಯಕ್ಷರ ಭಾಷಣದ ಹಿಂದೆ ಜೋಗ ಜಲಪಾತದ ಮಸುಕು ಚಿತ್ರ. ರಾಜಾ ರಭಸದಿಂದ ಧುಮುಕುವ ಕಡೆ ಎರಡು ಪ್ಯಾರಾ ಕೊಚ್ಚಿಕೊಂಡು ಹೋಗಿವೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯನ್ನು ಅಂದಿನ ಸಭೆಯಲ್ಲಿ ನಾನೇ ಹೇಳಬೇಕಾಗಿತ್ತು. ಹೇಳಲಿಲ್ಲ.

ಒಂಬತ್ತು ಪಾಯಿಂಟ್ ಎಂದರೆ ಇಂಗ್ಲಿಷಿನಲ್ಲಿ ಓದಬಹುದಾದ ಗಾತ್ರವೇ, ಕನ್ನಡದಲ್ಲೇಕೆ ಆಗದು ಎಂದು ಒಬ್ಬ ಮಿತ್ರರು ಕೇಳಿದರು. ಪ್ರಶ್ನೆ ನ್ಯಾಯವಾದದ್ದು, ಉತ್ತರದಲ್ಲಿ ಸ್ವಲ್ಪ ಲೆಕ್ಕವಿದೆ. ಒಂದು ಅಂಗುಲಕ್ಕೆ 72 ಪಾಯಿಂಟ್. ಮೊಳೆಯಚ್ಚಿನ ದಿನಗಳಲ್ಲಿ ಈ ಪಾಯಿಂಟ್ ಎಂಬುದು ಅಕ್ಷರದ ಅಳತೆಯಾಗಿರಲಿಲ್ಲ, ಅಕ್ಷರವನ್ನು ಹೊತ್ತ ಸೀಸದ ಮೊಳೆಯ ಮೈಯ ಅಳತೆಯಾಗಿತ್ತು. ಕಂಪ್ಯೂಟರು ಸೀಸವನ್ನು ಬಿಟ್ಟಿತು, ಲೆಕ್ಕವನ್ನು ಉಳಿಸಿಕೊಂಡಿತು. ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಸಾಲಿನ ಕೆಳಗೆ ಬಾಲ ಬಿಡುವುವು ಜಿ, ಜೆ, ಪಿ, ಕ್ಯೂ, ವೈ ಎಂಬ ಐದೇ. ಕನ್ನಡದ ಸಂಸಾರ ದೊಡ್ಡದು. ಮೇಲೆ ತಲೆಕಟ್ಟು, ಗುಡಿಸು. ಬಲಕ್ಕೆ ಕೊಂಬು, ದೀರ್ಘ. ಕೆಳಗೆ ಒತ್ತು, ‘ರಾಷ್ಟ್ರ’ದಂಥ ಶಬ್ದದಲ್ಲಿ ಒತ್ತಿನ ಪಕ್ಕಕ್ಕೆ ಇನ್ನೊಂದು ಒತ್ತು. ಇಷ್ಟು ಜನರೂ ಆ ಒಂಬತ್ತು ಪಾಯಿಂಟಿನ ಮನೆಯಲ್ಲೇ ಸಂಸಾರ ಮಾಡಬೇಕಾದ್ದರಿಂದ ನಡುಮನೆಯಲ್ಲಿರುವ ಮೂಲ ಅಕ್ಷರಕ್ಕೆ ಉಳಿಯುವ ಜಾಗ ಸುಮಾರು ಅರ್ಧ. ಅದೂ ಫಾಂಟಿನಿಂದ ಫಾಂಟಿಗೆ ಬದಲಾಗುತ್ತದೆ. ‘ಕಮಲ’ ಎಂಬ ಶಬ್ದವನ್ನು ಐದು ಫಾಂಟುಗಳಲ್ಲಿ, ಎಲ್ಲಕ್ಕೂ 12 ಪಾಯಿಂಟ್ ಕೊಟ್ಟು ಮುದ್ರಿಸಿ ಅಡಿಪಟ್ಟಿ ಇಟ್ಟು ನೋಡಿದೆ. ಒಂದರಲ್ಲಿ ಅಕ್ಷರದ ಎತ್ತರ ಎರಡು ಮಿಲಿಮೀಟರಿನ ಆಸುಪಾಸು, ಇನ್ನೊಂದರಲ್ಲಿ ಎರಡೂವರೆಯನ್ನು ದಾಟಿತ್ತು. ಆದ್ದರಿಂದ “12 ಪಾಯಿಂಟ್ ಇಡಿ” ಎಂದು ಅಚ್ಚುಕೂಟಕ್ಕೆ ಬರೆದು ಕಳಿಸುವುದು ಅಂಗಡಿಯಲ್ಲಿ “ಒಂದು ಚೀಲ ಅಕ್ಕಿ ಕೊಡಿ” ಎಂದಷ್ಟೇ ಅರ್ಥವುಳ್ಳ ಮಾತು. ಚೀಲ ಎಷ್ಟು ದೊಡ್ಡದೆಂಬುದನ್ನು ಕಣ್ಣಾರೆ ನೋಡಬೇಕು.

ಪರದೆಯ ಮೇಲೆ ಈ ಇಕ್ಕಟ್ಟು ಇನ್ನೂ ಹೆಚ್ಚು. ಕಚೇರಿಯ ಮೇಜಿನ ಹಳೆಯ ಪರದೆಗಳಲ್ಲಿ ಅಂಗುಲಕ್ಕೆ 96 ಚುಕ್ಕಿಗಳ ಲೆಕ್ಕ. 12 ಪಾಯಿಂಟಿನ ಅಕ್ಷರಕ್ಕೆ ಒಟ್ಟು 16 ಚುಕ್ಕಿ ಸಿಗುತ್ತದೆ. ಅದರಲ್ಲಿ ಮೂಲ ಅಕ್ಷರಕ್ಕೆ ಏಳೋ ಎಂಟೋ. ‘ಪ’ಕಾರಕ್ಕೂ ‘ಫ’ಕಾರಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಸೀಳು ಗೀಟು, ಆ ಗೀಟಿಗೆ ಒಂದು ಚುಕ್ಕಿ ಸಿಕ್ಕರೆ ಪುಣ್ಯ. ‘ಥ’ಕಾರದ ಹೊಟ್ಟೆಯೊಳಗಿನ ಬೊಟ್ಟು ಕಾಣದಿದ್ದರೆ ಅದು ‘ಧ’ಕಾರ, ಸೀಳೂ ಕಾಣದಿದ್ದರೆ ‘ದ’ಕಾರ. ‘ಠ’ಕಾರದ ಬೊಟ್ಟು ಹೋದರೆ ‘ರ’ಕಾರ. ನಮ್ಮ ಭಾನುವಾರದ ತರಗತಿಯ ಮಕ್ಕಳು ‘ಪ್ರಧಮ’ ಬಹುಮಾನ ಎಂದು ಬರೆಯುವುದನ್ನು ಕಂಡು ಶಿಕ್ಷಕಿಯರು ನೊಂದುಕೊಳ್ಳುತ್ತಾರೆ. ಮಕ್ಕಳು ಕಂಡದ್ದನ್ನು ಬರೆಯುತ್ತಾರೆ. ಅವರಿಗೆ ಕಂಡದ್ದೇ ಹಾಗೆ. ಕಂಪ್ಯೂಟರಿನಲ್ಲಿ ‘ದಪ್ಪ ಅಕ್ಷರ’ದ ಗುಂಡಿ ಒತ್ತಿದಾಗ, ಆ ಫಾಂಟಿಗೆ ನಿಜವಾದ ದಪ್ಪ ರೂಪವಿಲ್ಲದಿದ್ದರೆ ಯಂತ್ರ ಸುಮ್ಮನೆ ಗೀಟುಗಳಿಗೆ ಮಸಿ ಬಳಿಯುತ್ತದೆ, ಬೊಟ್ಟೂ ಸೀಳೂ ತುಂಬಿ ಮುಚ್ಚಿಹೋಗುತ್ತವೆ. ಅಕ್ಷರವನ್ನು ಓರೆ ಮಾಡುವ ಗುಂಡಿಯ ಬಗ್ಗೆ ಹೇಳುವುದೇ ಬೇಡ. ಇಂಗ್ಲಿಷಿನ ಓರೆ ಅಕ್ಷರಕ್ಕೆ ಕೈಬರಹದ ವಂಶಾವಳಿ ಇದೆ. ಗುಂಡಿ ಒತ್ತಿದಾಗ ಬರುವ ನಮ್ಮ ಓರೆ ಅಕ್ಷರ ಗಾಳಿಗೆ ಬಾಗಿದ ಅಡಿಕೆ ಮರ.

ತಾಯಿಯವರ ವಿಷಯ ಇಷ್ಟಾದ ಮೇಲೆ ಮಗಳ ಕಡೆ ನೋಡಿದೆ. ಅವಳು ಎಂಟನೆಯ ತರಗತಿ. ಶಾಲೆಯಲ್ಲಿ ಮಲಯಾಳಂ, ಇಂಗ್ಲಿಷ್, ಹಿಂದಿ. ಅಜ್ಜಿಯ ಕೃಪೆಯಿಂದ ಬಾಯಲ್ಲಿ ಒಳ್ಳೆಯ ಸಾಗರದ ಕನ್ನಡವಿದೆ. ಆದರೆ ಊರಿನ ಅಕ್ಕತಂಗಿಯರಿಗೆ ಮೊಬೈಲಿನಲ್ಲಿ ಬರೆಯುವಾಗ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯುತ್ತಾಳೆ. ಕನ್ನಡ ಓದು ಅವಳಿಗೆ ಭಾನುವಾರದ ಕೆಲಸ. ಅದೇ ವಿಶೇಷ ಸಂಚಿಕೆಯ ಒಂದೇ ಪುಟದ ಎರಡು ನಕಲು ಮಾಡಿ, ಒಂದನ್ನು ಅಜ್ಜಿಗೂ ಒಂದನ್ನು ಮೊಮ್ಮಗಳಿಗೂ ಕೊಟ್ಟು, ತಡೆದ ಕಡೆಯೆಲ್ಲ ಪೆನ್ಸಿಲಿನಿಂದ ಗುರುತು ಹಾಕಲು ಹೇಳಿದೆ. ಒಬ್ಬರಿಗೆ ಕನ್ನಡ ಬರುತ್ತದೆ, ಕಣ್ಣು ಸಾಲದು. ಇನ್ನೊಬ್ಬಳಿಗೆ ಕಣ್ಣು ಚುರುಕು, ಕನ್ನಡ ಸಾಲದು. ಇಬ್ಬರ ಗುರುತುಗಳೂ ಬೇರೆ ಬೇರೆ ಕಡೆ ಬೀಳುತ್ತವೆಂದು ನಾನು ಎಣಿಸಿದ್ದೆ. ಎರಡು ಹಾಳೆಗಳನ್ನೂ ಬೆಳಕಿಗೆ ಹಿಡಿದು ನೋಡಿದರೆ ಬಹುಪಾಲು ಗುರುತುಗಳು ಒಂದರ ಮೇಲೊಂದು ಬಿದ್ದಿದ್ದವು, ಮತ್ತು ಅವು ಬಿದ್ದಿದ್ದದ್ದು ಸಾಲಿನ ಕೆಳಗೆ, ಒತ್ತಕ್ಷರಗಳ ಬಳಿ.

ಅಜ್ಜಿಗೆ ಒತ್ತು ಕಾಣುವುದಿಲ್ಲ ಎಂಬುದು ಅರ್ಥವಾಯಿತು. ಮೊಮ್ಮಗಳಿಗೇಕೆ? “ಅಲ್ಲಿ ನೋಡಬೇಕು ಅಂತ ಅನ್ನಿಸಲ್ಲ ಅಪ್ಪ” ಎಂದಳು. ಈ ಮಾತು ನನಗೆ ಒಂದು ವಾರ ಕೆಲಸ ಕೊಟ್ಟಿತು. ಅವಳ ಮಲಯಾಳಂ ಪಾಠಪುಸ್ತಕ ತೆರೆದು ನೋಡಿದಾಗ ಕಾರಣ ಹೊಳೆಯಿತು.

ಕೇರಳದಲ್ಲಿ ಹೊಸದಾಗಿ ನೆಲೆಸಿದ ಸದಸ್ಯರಿಗೆ ಈ ಕಥೆ ತಿಳಿದಿರಲಾರದು. ಮಲಯಾಳಂ ಲಿಪಿಯಲ್ಲಿ ಎರಡು ಮೂರು ವ್ಯಂಜನಗಳು ಸೇರಿದರೆ ಹಿಂದೆ ಅವು ಬೆಸೆದು ಒಂದೇ ಹೊಸ ಆಕೃತಿಯಾಗುತ್ತಿದ್ದವು. ಉಕಾರ, ಊಕಾರಗಳೂ ಅಕ್ಷರದ ಮೈಗೇ ಅಂಟಿಕೊಳ್ಳುತ್ತಿದ್ದವು. ಕಲ್ಲಚ್ಚಿನಲ್ಲಿ ಇದರಿಂದ ತೊಂದರೆಯಿರಲಿಲ್ಲ. ಕೈ ಬರೆದದ್ದನ್ನು ಕಲ್ಲು ಒಪ್ಪಿಕೊಳ್ಳುತ್ತದೆ. 1843ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಮೋಗ್ಲಿಂಗ್ ಹೊರಡಿಸಿದ ‘ಮಂಗಳೂರ ಸಮಾಚಾರ’ವೂ, 1847ರಲ್ಲಿ ಅದೇ ಮಿಷನ್ನಿನ ಗುಂಡರ್ಟ್ ತಲಶ್ಶೇರಿಯ ಬಳಿ ಹೊರಡಿಸಿದ ‘ರಾಜ್ಯಸಮಾಚಾರಂ’ ಕೂಡ ಕಲ್ಲಚ್ಚಿನವೇ. ಆದರೆ ಸೀಸದ ಮೊಳೆಗೆ ಬಂದಾಗ ಪ್ರತಿಯೊಂದು ಬೆಸೆದ ಆಕೃತಿಗೂ ಬೇರೆ ಮೊಳೆ ಬೇಕು. ನೂರಾರು ಮೊಳೆಗಳಾದವು. ಬೆರಳಚ್ಚು ಯಂತ್ರದಲ್ಲಂತೂ ಅಷ್ಟಕ್ಕೆ ಜಾಗವೇ ಇಲ್ಲ. ಕೊನೆಗೆ ಕೇರಳ ಸರ್ಕಾರ ಲಿಪಿಯನ್ನೇ ತಿದ್ದಿತು. 1971ರ ಏಪ್ರಿಲ್ 15ರಂದು ಹೊಸ ಲಿಪಿ ಜಾರಿಗೆ ಬಂತು. ಉಕಾರ, ಊಕಾರ, ಋಕಾರಗಳು ಅಕ್ಷರದಿಂದ ಬಿಡಿಸಿಕೊಂಡು ಪಕ್ಕಕ್ಕೆ ಬಂದು ನಿಂತವು; ರಕಾರದ ಒತ್ತಿಗೆ ಅಕ್ಷರದ ಎಡಕ್ಕೆ ಪ್ರತ್ಯೇಕ ಚಿಹ್ನೆ ಬಂತು; ಅನೇಕ ಜೋಡಿಗಳ ನಡುವೆ ಚಂದ್ರಕಲೆ ಬಂದು ಕೂತು ಅವನ್ನು ಬಿಡಿಸಿತು.

ನಮ್ಮ ಕನ್ನಡಕ್ಕೆ ಅಂಥ ಆಜ್ಞೆ ಬೇಕಾಗಲಿಲ್ಲ. ನಮ್ಮ ಒತ್ತುಗಳು ಮೂಲ ಅಕ್ಷರದೊಡನೆ ಬೆಸೆದುಕೊಳ್ಳುವುದು ಅಪರೂಪ. ಕೆಳಗಿನ ಅಂತಸ್ತಿನ ಬಾಡಿಗೆದಾರರಂತೆ ಅವುಗಳ ಬಾಗಿಲು ಬೇರೆ. ಒತ್ತಿಗೊಂದು ಮೊಳೆ ಎರಕ ಹೊಯ್ದರೆ ಎಲ್ಲ ಅಕ್ಷರಗಳ ಜೊತೆಗೂ ಅದು ಹೊಂದಿಕೊಳ್ಳುತ್ತದೆ. ಹೀಗೆ ಮಲಯಾಳಂ ಸಾಲು ಪಕ್ಕಕ್ಕೆ ಬೆಳೆಯಿತು, ಕನ್ನಡದ ಸಾಲು ಕೆಳಕ್ಕೇ ಉಳಿಯಿತು. ಹೊಸ ಲಿಪಿಯ ಪಾಠಪುಸ್ತಕ ಓದಿ ಬೆಳೆದ ನಮ್ಮ ಮಕ್ಕಳ ಕಣ್ಣು ಎಡದಿಂದ ಬಲಕ್ಕೆ ಓಡುವುದನ್ನು ಕಲಿತಿದೆ, ಕೆಳಗೆ ಬಗ್ಗಿ ನೋಡುವುದನ್ನು ಕಲಿತಿಲ್ಲ. ‘ಪ್ರಸಿದ್ಧ’ ಎಂಬಲ್ಲಿ ‘ಪಸಿದ’ ಎಂದು ಅವಳು ಓದುವುದು ಸೋಮಾರಿತನದಿಂದಲ್ಲ. ಇನ್ನು ‘ಸೂರ್ಯ’ವನ್ನು ‘ಸೂಯ್ರ’ ಎನ್ನುವುದಕ್ಕೂ ಕಾರಣವಿದೆ: ಅವಳ ಮಲಯಾಳಂ ಪುಸ್ತಕದಲ್ಲಿ ರಕಾರ ತನ್ನ ಸರದಿಯಲ್ಲೇ ಬರುತ್ತದೆ, ನಮ್ಮ ಅರ್ಕಾವೊತ್ತು ಮೊದಲು ಉಚ್ಚಾರವಾಗಿ ಆಮೇಲೆ ಬರೆಸಿಕೊಳ್ಳುತ್ತದೆ. ಇದಕ್ಕೆ ಯಾವ ಫಾಂಟೂ ಮದ್ದಲ್ಲ, ಅಜ್ಜಿಯೇ ಮದ್ದು. ಆದರೆ ಒತ್ತು ಕಾಣುವಂತೆ ಮಾಡುವುದು ಫಾಂಟಿನ ಕೈಯಲ್ಲಿದೆ, ಸಾಲುಗಳ ನಡುವಿನ ಜಾಗದ ಕೈಯಲ್ಲಿದೆ.

ಮಲಯಾಳಂ ಕಥೆ 1971ಕ್ಕೆ ಮುಗಿಯಲಿಲ್ಲ. ಯಂತ್ರಕ್ಕಾಗಿ ಲಿಪಿಯನ್ನು ಕತ್ತರಿಸಿದ್ದಾಯಿತು; ಕೆಲವೇ ದಶಕಗಳಲ್ಲಿ ಎಷ್ಟು ಆಕೃತಿ ಕೊಟ್ಟರೂ ಹೊತ್ತುಕೊಳ್ಳುವ ಯಂತ್ರವೇ ಬಂತು. ಆರ್. ಚಿತ್ರಜಕುಮಾರ್, ಕೆ.ಎಚ್. ಹುಸೇನ್ ಮೊದಲಾದವರು ‘ರಚನ’ ಎಂಬ ಫಾಂಟನ್ನು ಹಳೆಯ ಲಿಪಿಯ ಎಲ್ಲ ಜೋಡಿಗಳೊಡನೆ 1999ರಲ್ಲಿ ಹೊರತಂದರು. ಆಮೇಲೆ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗದವರು ‘ಮೀರಾ’ವನ್ನು ಪ್ರಚಾರಕ್ಕೆ ತಂದರು, 2016ರಲ್ಲಿ ಸಂತೋಷ್ ತೋಟ್ಟಿಂಗಲ್ ಅವರ ‘ಮಂಜರಿ’ ಬಂತು. ಇವೆಲ್ಲ ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದವು. ನಮ್ಮ ಕಚೇರಿಯ ಚಹದ ವೇಳೆಯಲ್ಲಿ ಹಳೆ ಲಿಪಿ ಹೊಸ ಲಿಪಿಗಳ ಜಗಳ ಈಗಲೂ ನಡೆಯುತ್ತದೆ. ನಿವೃತ್ತಿಯ ಅಂಚಿನಲ್ಲಿರುವವರಿಗೆ ಬಿಡಿಸಿದ ಅಕ್ಷರ ಹಲ್ಲು ಉದುರಿದ ಬಾಯಿಯಂತೆ ಕಾಣುತ್ತದೆ. ಹುಡುಗರಿಗೆ ಬೆಸೆದ ಅಕ್ಷರ ಸಿಕ್ಕಾದ ದಾರದಂತೆ. ಹೊರಗಿನವನಾದ ನಾನು ಅದರಲ್ಲಿ ತೀರ್ಪು ಕೊಡಲಾರೆ. ಆದರೆ ನಮ್ಮಲ್ಲೂ ಮಹಾಪ್ರಾಣಗಳನ್ನು ಕೈಬಿಡಬೇಕೆಂಬ ವಾದ ಇದೆಯಷ್ಟೆ. ಡಿ.ಎನ್. ಶಂಕರ ಭಟ್ಟರಂಥ ದೊಡ್ಡ ಭಾಷಾವಿಜ್ಞಾನಿಗಳು ಅದನ್ನು ಹೇಳಿದ್ದು ಕನ್ನಡಿಗರ ಉಚ್ಚಾರವನ್ನೂ ಎಲ್ಲರಿಗೂ ಸುಲಭವಾಗಬೇಕಾದ ಕಲಿಕೆಯನ್ನೂ ನೋಡಿ. ಅದನ್ನು ಆ ನೆಲೆಯಲ್ಲೇ ಚರ್ಚಿಸಬೇಕು. “ಮೊಬೈಲಿನಲ್ಲಿ ಸರಿಯಾಗಿ ಕಾಣುವುದಿಲ್ಲ, ಬಿಟ್ಟುಬಿಡೋಣ” ಎನ್ನುವವರ ಮಾತು ಬೇರೆ. ಅದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ.

ಇನ್ನು ನಮ್ಮ ಮುಂದಿರುವ ಫಾಂಟುಗಳ ವಿಚಾರ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ವೂ, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಬಾರದಿದ್ದರೆ, ಕೆ.ಪಿ. ರಾಯರು ಕೀಲಿಮಣೆಯ ದಾರಿ ತೋರಿಸದಿದ್ದರೆ, ಹೊರನಾಡ ಸಂಘಗಳ ಎಷ್ಟೋ ಪತ್ರಿಕೆಗಳು ನಿಂತೇ ಹೋಗುತ್ತಿದ್ದವು. ಆ ಋಣ ದೊಡ್ಡದು. ಆದರೆ ಆ ಕಾಲದ ಫಾಂಟುಗಳಲ್ಲಿ ಕನ್ನಡದ ಚೂರುಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕೂರಿಸಿರುತ್ತಿದ್ದರು. ಫಾಂಟು ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಕನ್ನಡ ಮಾಯವಾಗಿ ಅರ್ಥವಿಲ್ಲದ ಇಂಗ್ಲಿಷ್ ಕಾಣುತ್ತದೆ. ನಮ್ಮ ಸಂಘದ 2003ರ ಸದಸ್ಯರ ಪಟ್ಟಿಯನ್ನು ಕಳೆದ ವರ್ಷ ತೆರೆದಾಗ ನಾನು ಕಂಡದ್ದು ಅದನ್ನೇ. ಸ್ಥಾಪಕ ಸದಸ್ಯರೆಲ್ಲ ಮಂತ್ರವಾದಿಯ ತಾಯಿತದಲ್ಲಿ ಬರೆದ ಬೀಜಾಕ್ಷರಗಳಾಗಿದ್ದರು. ಆದ್ದರಿಂದ ಇನ್ನು ಮುಂದೆ ಸಂಘದ ಯಾವ ಬರವಣಿಗೆಯೂ ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಇರಕೂಡದು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ.

ಯೂನಿಕೋಡ್ ಫಾಂಟುಗಳಲ್ಲಿ ಹೆಚ್ಚಿನವರು ಮೊದಲು ಕಂಡದ್ದು ವಿಂಡೋಸ್ ಎಕ್ಸ್‌ಪಿಯೊಡನೆ ಬಂದ ‘ತುಂಗಾ’. ಸಾಲುಗಳ ನಡುವೆ ಧಾರಾಳ ಜಾಗ ಬಿಡುತ್ತದೆ, ಅದು ಅದರ ಗುಣ. ಅಕ್ಷರ ಮಾತ್ರ ನನ್ನ ಕಣ್ಣಿಗೆ ಸಣಕಲು. 2012ರ ವಿಂಡೋಸ್ 8ರಿಂದ ಬಂದ ‘ನಿರ್ಮಲಾ’ ಅನೇಕ ಭಾರತೀಯ ಲಿಪಿಗಳಿಗೆ ಒಂದೇ ಕುಟುಂಬ; ಪರದೆಗೆ ಚೆನ್ನ, ಕಚೇರಿಯ ಪತ್ರಕ್ಕೆ ಚೆನ್ನ, ಕಥೆ ಓದಲು ಸ್ವಲ್ಪ ಸುತ್ತೋಲೆಯ ವಾಸನೆ. ಮುಂಬಯಿಯ ಏಕ್ ಟೈಪ್ ಬಳಗದ ‘ಬಲೂ ತಮ್ಮ’ ದುಂಡು ದುಂಡಾಗಿ ಮುದ್ದಾಗಿದೆ. ಮಕ್ಕಳ ಪುಟದ ತಲೆಬರಹಕ್ಕೆ ಒಪ್ಪುತ್ತದೆ. ನಮ್ಮ ಹಿಂದಿನ ಒಂದು ಸಂಚಿಕೆಯಲ್ಲಿ ಇಡೀ ಪ್ರವಾಸ ಕಥನವನ್ನೇ ಅದರಲ್ಲಿ ಮುದ್ರಿಸಿದ್ದು ಹೋಳಿಗೆಯನ್ನು ಊಟದ ಉದ್ದಕ್ಕೂ ಬಡಿಸಿದಂತಾಗಿತ್ತು. ಗೂಗಲ್ ಸಂಸ್ಥೆಯ ‘ನೋಟೋ’ ಕುಟುಂಬದಲ್ಲಿ ಎರಡು ಕವಲು: ‘ನೋಟೋ ಸ್ಯಾನ್ಸ್’ ಒಂದೇ ದಪ್ಪದ ಗೀಟಿನದು, ಮೊಬೈಲಿಗೆ ನಾನು ಅದನ್ನೇ ಹೇಳುತ್ತೇನೆ, ‘ನೋಟೋ ಸೆರಿಫ್’ನ ಗೀಟಿನಲ್ಲಿ ದಪ್ಪ ತೆಳುಗಳ ಏರಿಳಿತವಿದೆ. ಸೆರಿಫ್ ಎಂಬುದು ಇಂಗ್ಲಿಷ್ ಅಕ್ಷರದ ತುದಿಯ ಚಿಕ್ಕ ಪಾದ. ಕನ್ನಡಕ್ಕೆ ಅಂಥದ್ದಿಲ್ಲ, ಹೆಸರು ಮಾತ್ರ ಅಂಟಿಕೊಂಡಿದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯ 2015ರಲ್ಲಿ ಆರಂಭಿಸಿದ ಮೂರ್ತಿ ಕ್ಲಾಸಿಕಲ್ ಲೈಬ್ರರಿಯ ಮಾಲೆಯಲ್ಲಿ ರಾಘವಾಂಕನ ಹರಿಶ್ಚಂದ್ರ ಕಾವ್ಯ 2017ರಲ್ಲಿ ಬಂತು, ಎಡಪುಟದಲ್ಲಿ ಕನ್ನಡ, ಬಲಪುಟದಲ್ಲಿ ಇಂಗ್ಲಿಷ್. ಆ ಮಾಲೆಗೆಂದು ಸಿದ್ಧವಾದ ಅಕ್ಷರಗಳ ವಂಶದ್ದೇ ಈಗ ಉಚಿತವಾಗಿ ಸಿಗುವ ‘ಟೀರೋ ಕನ್ನಡ’. ಮೊಳೆಯಚ್ಚಿನ ಪುಸ್ತಕ ಓದಿ ಬೆಳೆದವರಿಗೆ ಇದು ಪರಿಚಿತ ಮುಖ. ಐದು ಫಾಂಟುಗಳ ಹಾಳೆಯನ್ನು ಹೆಸರು ಹೇಳದೆ ತಾಯಿಯವರ ಮುಂದಿಟ್ಟಾಗ ಅವರು ಬೆರಳಿಟ್ಟದ್ದು ಇದರ ಮೇಲೆ. ಮಗಳು ‘ನೋಟೋ ಸ್ಯಾನ್ಸ್’ ಎಂದಳು. ಆದರೆ ಸಾಲುಗಳನ್ನು ಸಡಿಲ ಮಾಡಿ ಮತ್ತೆ ಕೊಟ್ಟಾಗ ಎರಡೂ ಒಂದೇ ಎಂದಳು. ಈ ಕೊನೆಯ ಮಾತನ್ನು ನಾನು ಮುಖ್ಯವೆಂದು ತಿಳಿಯುತ್ತೇನೆ. ಫಾಂಟಿನ ಹೆಸರಿಗಿಂತ ಸಾಲಿನ ಕೆಳಗಿನ ಖಾಲಿ ಜಾಗ ಹೆಚ್ಚು ಕೆಲಸ ಮಾಡುತ್ತದೆ. ಇಂಗ್ಲಿಷಿಗೆ ಅಕ್ಷರದ ಗಾತ್ರದ ಒಂದೂಕಾಲು ಪಟ್ಟು ಸಾಲಿನ ಅಂತರ ಸಾಕು. ಕನ್ನಡಕ್ಕೆ ಒಂದೂವರೆ ಪಟ್ಟಿಗಿಂತ ಕಡಿಮೆ ಕೊಟ್ಟರೆ ಒತ್ತು ಉಸಿರಾಡುವುದಿಲ್ಲ.

ಅಂಕಿಗಳ ಬಗ್ಗೆ ಒಂದು ಮಾತು; ಇದಕ್ಕಾಗಿ ನನ್ನನ್ನು ಬೈಯುವವರಿದ್ದಾರೆ. ಕನ್ನಡದ ಅಂಕಿಗಳ ಮೇಲೆ ನನಗೆ ಪ್ರೀತಿಯಿದೆ. ಆದರೆ ಸಣ್ಣ ಗಾತ್ರದಲ್ಲಿ ೩ ಮತ್ತು ೬ ಅವಳಿ ಜವಳಿ. ಹಿಂದೊಮ್ಮೆ ಸಭೆಯ ದಿನಾಂಕ ೬ ಎಂದು ಅಚ್ಚಾದದ್ದನ್ನು ೩ ಎಂದು ಓದಿ ತ್ರಿಪ್ಪುಣಿತ್ತುರದಿಂದ ಒಂದು ಕುಟುಂಬ ಮಕ್ಕಳುಮರಿಯೊಡನೆ ಬಂದು, ಬೀಗ ಹಾಕಿದ ಸಭಾಂಗಣ ನೋಡಿಕೊಂಡು ಹೋಯಿತು. ಇನ್ನು ಸೊನ್ನೆಯೂ ಅನುಸ್ವಾರವೂ ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ ಬೇರೆ. ‘ಶಂಕರ’ ಎಂಬ ಹೆಸರನ್ನು ಯಾರೋ ಸೊನ್ನೆ ಹಾಕಿ ‘ಶ೦ಕರ’ ಎಂದು ಕೀಲಿಸಿದ್ದರೆ ಆ ಸದಸ್ಯರು ಕಂಪ್ಯೂಟರಿನಲ್ಲಿ ಹುಡುಕಿದರೆ ಸಿಗುವುದೇ ಇಲ್ಲ, ಚಂದಾ ಕೊಟ್ಟಿದ್ದರೂ.

ಕೇರಳದಲ್ಲಿ ಕನ್ನಡ ಅಚ್ಚಾಗುವುದು ಅಪರೂಪವೇನಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳ ಪಾಠಪುಸ್ತಕಗಳನ್ನು ಸಿದ್ಧಪಡಿಸುವ ರಾಜ್ಯ ಶಿಕ್ಷಣ ಸಂಶೋಧನಾ ಸಂಸ್ಥೆ ಇರುವುದು ಇಲ್ಲಿಯ ಪೂಜಪ್ಪುರದಲ್ಲಿ. ರಾಜ್ಯದ ಪಾಠಪುಸ್ತಕಗಳು ಅಚ್ಚಾಗುವ ಸರ್ಕಾರಿ ಮುದ್ರಣಾಲಯ ಇರುವುದು ಕೊಚ್ಚಿಯ ಕಾಕ್ಕನಾಡಿನಲ್ಲಿ. ಮಂಜೇಶ್ವರದ ಮಗು ಓದುವ ಕನ್ನಡ ನಮ್ಮ ಎರಡೂ ಊರುಗಳ ಮೂಲಕ ಹಾದುಹೋಗುತ್ತದೆಂದು ನೆನೆದಾಗಲೆಲ್ಲ ನನಗೆ ವಿಚಿತ್ರ ಸಂತೋಷ. ನಮ್ಮ ಸಂಚಿಕೆಯ ಪುಟ ಕಟ್ಟುವ ಅಚ್ಚುಕೂಟದವರಿಗೆ ಕನ್ನಡ ಓದಲು ಬಾರದು. ಅವರು ಕೆಲಸದಲ್ಲಿ ನುರಿತವರು, ಅಕ್ಷರವನ್ನು ಆಕಾರದಿಂದ ಗುರುತಿಸುತ್ತಾರೆ. ಆದರೆ ‘ರಾಷ್ಟ್ರ’ ಒಡೆದು ‘ರಾಷ್‌ಟ್‌ರ’ ಆದರೆ ಅವರಿಗೆ ತಿಳಿಯುವ ಬಗೆ ಹೇಗೆ? ಪುಟ ಕಟ್ಟುವ ಇನ್‌ಡಿಸೈನ್ ತಂತ್ರಾಂಶದಲ್ಲಿ ‘ವರ್ಲ್ಡ್ ರೆಡಿ ಕಂಪೋಸರ್’ ಎಂಬ ಆಯ್ಕೆಯೊಂದಿದೆ. ಅದನ್ನು ಆರಿಸದಿದ್ದರೆ ಭಾರತೀಯ ಲಿಪಿಗಳ ಒತ್ತುಗಳು ಹೀಗೆ ಒಡೆಯುತ್ತವೆ. ಆ ವಿಶೇಷ ಸಂಚಿಕೆಯ ಹದಿನಾಲ್ಕನೆಯ ಪುಟದಲ್ಲಿ ಆದದ್ದು ಅದೇ. ತಪ್ಪು ಅವರದಲ್ಲ, ಕರಡು ತಿದ್ದಲು ಹೋಗದ ನಮ್ಮದು.

ಸಮಿತಿಯ ಸಭೆಯಲ್ಲಿ ಈ ಎಲ್ಲವನ್ನೂ ಹೇಳಿದೆ. ಖಜಾಂಚಿಯವರು ಎದ್ದ ಮೊದಲ ಮಾತು, “ಸಾಲು ಸಡಿಲ ಮಾಡಿದರೆ ಪುಟ ಹೆಚ್ಚುತ್ತದೆ, ದುಡ್ಡು ಎಲ್ಲಿಂದ?” ಅವರ ಮಾತೂ ಸರಿಯೇ. ಬಣ್ಣದ ಪುಟಗಳನ್ನು ಬಿಟ್ಟರೆ ಲೆಕ್ಕ ಸರಿಹೋಗುತ್ತದೆಂದು ತೋರಿಸಿದ ಮೇಲೆ ಒಂದು ಪ್ರಯೋಗಕ್ಕೆ ಒಪ್ಪಿದರು. ಮೊಬೈಲಿಗೆ ಕಳಿಸುವ ಪ್ರತಿಯ ಬಗ್ಗೆ ಇನ್ನೂ ತೀರ್ಮಾನವಾಗಿಲ್ಲ. ಎರಡು ಅಂಕಣದ ದೊಡ್ಡ ಪುಟವನ್ನು ಅಂಗೈಯಗಲದ ಪರದೆಯಲ್ಲಿ ಬೆರಳಿನಿಂದ ಎಳೆದಾಡುತ್ತಾ ಓದುವುದು ಕಿಟಕಿಯ ಸಂದಿಯಿಂದ ತೇರು ನೋಡಿದಂತೆ. ಅದಕ್ಕೆ ಒಂದೇ ಅಂಕಣದ ಬೇರೆ ಪ್ರತಿ ಬೇಕೆಂಬುದು ನನ್ನ ವಾದ. ಅಂಕಣಗಳ ಬಲಬದಿಯನ್ನು ಸಮವಾಗಿ ಕತ್ತರಿಸುವ ಚಪಲವನ್ನೂ ಬಿಡಬೇಕು. ‘ಹೊರಡಬೇಕಾಗಿದ್ದುದರಿಂದ’ ಎಂಬಂಥ ಶಬ್ದಗಳಿರುವ ಭಾಷೆಯಲ್ಲಿ ಬಲಬದಿ ಸಮವಾಗಬೇಕಾದರೆ ಶಬ್ದಗಳ ನಡುವೆ ಕಂದಕ ಬೀಳುತ್ತದೆ. ಹಳೆಯ ಪತ್ರಿಕೆಗಳಲ್ಲಿ ಜೋಡಿಸುವವರು ಶಬ್ದವನ್ನು ಯಾವ ಅಕ್ಷರದ ಬಳಿ ಬೇಕಾದರೂ ಮುರಿದು ಮುಂದಿನ ಸಾಲಿಗೆ ಸಾಗಿಸುತ್ತಿದ್ದರು. ಯಂತ್ರಕ್ಕೆ ಆ ಧೈರ್ಯವಿಲ್ಲ.

ಹೋದ ತಿಂಗಳು ಪ್ರಯೋಗದ ಹಾಳೆಗಳು ಕೊಚ್ಚಿಯಿಂದ ಬಂದವು. ‘ಟೀರೋ ಕನ್ನಡ’, ಕಪ್ಪು ಮಸಿ, ಸಡಿಲ ಸಾಲು, ಹಿಂದೆ ಯಾವ ಜಲಪಾತವೂ ಇಲ್ಲ. ಈ ಲೇಖನದ ಮೊದಲ ಭಾಗವನ್ನೇ ಅದರಲ್ಲಿ ಅಚ್ಚು ಹಾಕಿಸಿದ್ದೆ. ಏನೂ ಹೇಳದೆ ತಾಯಿಯವರ ಕುರ್ಚಿಯ ಮೇಲಿಟ್ಟು ಕಚೇರಿಗೆ ಹೋದೆ. ರಾತ್ರಿ ಊಟಕ್ಕೆ ಕುಳಿತಾಗ ಅವರು ಹಾಳೆಯನ್ನು ತಟ್ಟೆಯ ಪಕ್ಕದಲ್ಲಿಟ್ಟರು.

“ನಂಗೆ ಬುದ್ಧಿಗೆ ಏನೂ ಆಗಿಲ್ಲ ಅಂತ ಬರೆದೀಯಲ್ಲ, ಸಂತೋಷ. ಆದರೆ ‘ಬುದ್ಧಿ’ಗೆ ಹೊಟ್ಟೆ ಸೀಳೋದೇ ಮರೆತೀಯಲ್ಲೋ ಮಾರಾಯ” ಎಂದರು.

ನೋಡಿದೆ. ಮೂರನೆಯ ಪ್ಯಾರಾದ ಹತ್ತಿರ ‘ಬುದ್ದಿ’ ಎಂದೇ ಇತ್ತು. ಅಚ್ಚುಕೂಟದವರದಲ್ಲ, ನಾನೇ ಕೀಲಿಸಿದ್ದು.